ಮದುವೆಯ ನಂತರದ ಗಳಿಕೆ, ಸಾಲ: ಗೋವಾದಂತೆ ನಮ್ಮಲ್ಲೂ ಅರ್ಧರ್ಧ ಆಗಬೇಕೇ?

ಪರ: ಕಂತು ಒಬ್ಬರ ಖಾತೆಯದು, ದುಡಿಮೆ ಇಬ್ಬರದು

ಕಾರವಾರದ ಆಚೆ ಮಾಜಾಳಿ ಗಡಿಯ ಎರಡೂ ಬದಿ ಅದೇ ಕೊಂಕಣಿ, ಅದೇ ಮೀನುಸಾರು. ಗಂಡ-ಹೆಂಡತಿಯ ಆಸ್ತಿಯ ಕಾನೂನು ಮಾತ್ರ ಬೇರೆ. 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನ ಕೌಟುಂಬಿಕ ಭಾಗ ಗೋವಾದವರಿಗೆ ಈಗಲೂ ಅನ್ವಯಿಸುತ್ತದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಆಸ್ತಿ ಜಂಟಿ, ತಲಾ ಅರ್ಧ. ಕ್ರಯಪತ್ರ ಯಾರ ಹೆಸರಲ್ಲೇ ಇರಲಿ, ಸ್ಥಿರಾಸ್ತಿ ಮಾರಲು ಇಬ್ಬರ ಒಪ್ಪಿಗೆಯೂ ಬೇಕು.

ನಮ್ಮಲ್ಲಿ ವಿಚ್ಛೇದನವಾದರೆ? 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಮದುವೆಯ ಹೊತ್ತಿಗೆ ಬಂದ, ಇಬ್ಬರಿಗೂ ಸೇರಿದ ಉಡುಗೊರೆಗಳ ಬಗ್ಗೆ ಹೇಳಿ ಸುಮ್ಮನಾಗುತ್ತದೆ. ಬೀರು, ಮಂಚ, ಪಾತ್ರೆಗೆ ಕಲಂ ಇದೆ, ಆಮೇಲೆ ಕೊಂಡ ಫ್ಲ್ಯಾಟಿಗೆ ಇಲ್ಲ. ಗಂಡನ ಸಂಬಳ ಕಂತಿಗೆ, ಹೆಂಡತಿಯದು ರೇಷನ್, ಶಾಲೆ ಫೀಸು, ಕರೆಂಟ್ ಬಿಲ್ಲಿಗೆ ಎಂದು ಹಂಚಿಕೊಂಡು ಹದಿನೈದು ವರ್ಷ ಸಂಸಾರ ಮಾಡಿದವರ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ಅವನದರಲ್ಲಿ ಮನೆ ಕಾಣುತ್ತದೆ, ಅವಳದರಲ್ಲಿ ಕಿರಾಣಿ ಅಂಗಡಿ. ಇನ್ನು ಜೀವನಾಂಶ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಅವಳಿಗೂ ಸಂಬಳವಿದೆ ಎಂದೊಡನೆ ಅದೂ ಕುಗ್ಗುತ್ತದೆ.

ಗಂಡನ ಗಳಿಕೆಯಿಂದ ಕೊಂಡ ಆಸ್ತಿಯಲ್ಲಿ ಮನೆ ನಡೆಸಿದ ಹೆಂಡತಿಗೂ ಸಮಪಾಲಿದೆ ಎಂದು ಮದ್ರಾಸ್ ಹೈಕೋರ್ಟ್ 2023ರ ಜೂನ್‌ನಲ್ಲಿ ಹೇಳಿತು. ಒಳ್ಳೆಯ ತೀರ್ಪು. ಆದರೆ ಒಬ್ಬೊಬ್ಬರೇ ಹೈಕೋರ್ಟ್‌ವರೆಗೆ ಹೋಗಿ ತರಬೇಕಾದ ಪಾಲು ಎಷ್ಟು ಜನಕ್ಕೆ ದಕ್ಕೀತು? ವಿಚ್ಛೇದನದಲ್ಲಿ ಹೆಂಡತಿಗೆ ಗಂಡನ ಆಸ್ತಿಯಲ್ಲಿ ಪಾಲು ಕೊಡಿಸಲೆಂದು 2013ರಲ್ಲಿ ರಾಜ್ಯಸಭೆ ಒಪ್ಪಿದ ವಿವಾಹ ಕಾನೂನು ತಿದ್ದುಪಡಿ ಮಸೂದೆಯೂ ಲೋಕಸಭೆ ದಾಟದೆ ಬಿದ್ದುಹೋಯಿತು.

ಸಾಲವೂ ಹಂಚಿಕೆಯಾಗಲಿ. ಮನೆಯ ಬೆಲೆ 90 ಲಕ್ಷ, ಬಾಕಿ 30 ಲಕ್ಷ ಎಂದರೆ ಹಂಚುವುದು 60, ತಲಾ 30. ರೇಸಿಗೆ ಸುರಿದ ಸಾಲ ಸುರಿದವನದೇ.

ವಿರೋಧ: ಅರ್ಧ ಪಾಲಿನ ಜೊತೆ ಬರುವ ಸಾಲ

ಹದಿನೈದು ವರ್ಷ ಬಾಳಿದ ಮದುವೆಗೆ ಆ ಲೆಕ್ಕ ಸರಿ. ನಾಲ್ಕನೇ ವರ್ಷಕ್ಕೆ ಮುರಿದದ್ದನ್ನು ನೋಡಿ. 50 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ. ಕಂತು ಸುಮಾರು 43,400 ರೂಪಾಯಿ. ನಾಲ್ಕು ವರ್ಷದಲ್ಲಿ ಕಟ್ಟಿದ್ದು 20.8 ಲಕ್ಷ, ಅಸಲು ಕರಗಿದ್ದು ನಾಲ್ಕೂವರೆ ಲಕ್ಷ. ಇಲ್ಲಿ ಹಂಚಲು ಇರುವುದೇ ಸಾಲ.

ಡಿಕ್ರಿಯಲ್ಲಿ ‘ತಲಾ ಅರ್ಧ’ ಎಂದು ಬರೆದರೆ ಬ್ಯಾಂಕ್ ಕೇಳುವುದಿಲ್ಲ, ಅದು ಆ ಕೇಸಿನ ಪಕ್ಷಕಾರನೇ ಅಲ್ಲ. 1872ರ ಕರಾರು ಕಾಯ್ದೆಯ 43ನೇ ಕಲಮಿನಂತೆ ಜಂಟಿ ಸಾಲಗಾರರಲ್ಲಿ ಯಾರೊಬ್ಬರಿಂದಲೂ ಪೂರ್ತಿ ಬಾಕಿ ವಸೂಲು ಮಾಡಬಹುದು. ಅವನು ಕಂತು ನಿಲ್ಲಿಸಿದರೆ ಅವಳ ಸಿಬಿಲ್ ಸ್ಕೋರೂ ಬೀಳುತ್ತದೆ.

ಇದಕ್ಕಿಂತ ದೊಡ್ಡ ಭಯ ಕೈಸಾಲದ್ದು. ಇವತ್ತು ಗಂಡನೊಬ್ಬನೇ ಸಹಿ ಹಾಕಿ ತಂದ ಸಾಲಕ್ಕೆ ಹೆಂಡತಿ ಹೊಣೆಯಲ್ಲ. ಸಮಪಾಲು ಬಂದರೆ ಕೇಸು ಬೀಳುವ ಹೊತ್ತಿಗೆ ಅಣ್ಣ, ಭಾವ, ಗೆಳೆಯರ ಬಳಿ ಹಿಂದಿನ ತಾರೀಕಿನ ಪ್ರೋನೋಟುಗಳು ಹುಟ್ಟಿಕೊಳ್ಳುತ್ತವೆ. ‘ಮನೆಖರ್ಚಿಗೇ ತಂದದ್ದು’ ಎಂದರೆ ಅಲ್ಲವೆಂದು ಸಾಬೀತು ಮಾಡುವುದು ಅವಳ ಕರ್ಮ. ಅವಳ ಒಡವೆಯನ್ನು ಅವನ ಹೆಸರಲ್ಲಿ ಅಡವಿಟ್ಟಿದ್ದರೆ? ಸುಪ್ರೀಂ ಕೋರ್ಟಿನ 1985ರ ಪ್ರತಿಭಾ ರಾಣಿ ತೀರ್ಪಿನಂತೆ ಸ್ತ್ರೀಧನ ಪೂರ್ತಿ ಅವಳದು. ಸಾಲ ಅರ್ಧರ್ಧವಾದರೆ ತನ್ನ ಬಳೆ ಬಿಡಿಸಿಕೊಳ್ಳಲು ತಾನೇ ದುಡ್ಡು ಕಟ್ಟಬೇಕು!

ಹಳ್ಳಿಯಲ್ಲಿ ಪಹಣಿ ಮಾವನ ಹೆಸರಲ್ಲಿರುತ್ತದೆ, ಬೋರ್‌ವೆಲ್‌ಗೆ ತಂದ ಸಾಲ ಮಗನ ತಲೆ ಮೇಲೆ. ಸೊಸೆಗೆ ಸಿಗುವ ಅರ್ಧ ಯಾವುದರದು?

ಈಗಿನ ಕಾನೂನಲ್ಲೇ ದಾರಿಯಿದೆ. ಸುಪ್ರೀಂ ಕೋರ್ಟಿನ 2020ರ ರಜನೀಶ್-ನೇಹಾ ತೀರ್ಪಿನ ಪ್ರಕಾರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ-ಸಾಲದ ಪ್ರಮಾಣಪತ್ರ ಸಲ್ಲಿಸಲೇಬೇಕು. ಅದನ್ನು ಐಟಿ ರಿಟರ್ನ್ ಜೊತೆ ಹೊಂದಿಸಿ ಪಾಟೀಸವಾಲು ಮಾಡಿದರೆ ಅಡಗಿಸಿಟ್ಟದ್ದು ಹೊರಬರುತ್ತದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನವಾದರೆ, ಮನೆ ಉಳಿಸಿಕೊಳ್ಳುವವರು ಮೊದಲು ಸಾಲವನ್ನು ತಮ್ಮೊಬ್ಬರ ಹೆಸರಿಗೆ ಬದಲಿಸಿಕೊಳ್ಳಲಿ. ಸಹ-ಸಾಲಗಾರರ ಹೆಸರು ಕೈಬಿಟ್ಟ ಪತ್ರ ಬ್ಯಾಂಕಿನಿಂದ ಕೈಗೆ ಬರುವವರೆಗೆ ಇನ್ನೊಬ್ಬರು ಎರಡನೇ ಮೋಷನ್‌ಗೆ, ಅಂದರೆ ವಿಚ್ಛೇದನಕ್ಕೆ ಕೊನೆಯ ಒಪ್ಪಿಗೆ ಹೇಳುವ ವಿಚಾರಣೆಗೆ, ಹಾಜರಾಗಬಾರದು.