ಕೌನ್ಸೆಲಿಂಗ್ ಓದೋಕೆ ವಯಸ್ಸಲ್ಲ, ಗಂಟೆಗಳು ಅಡ್ಡಿ

ಪರದೇಶಕ್ಕೆ ಬಂದು, ಸಂಸಾರ ಹೂಡಿ, ಮಕ್ಕಳು ಸ್ಕೂಲು ಸೇರಿದ ಮೇಲೆ ನಾನು ಕೌನ್ಸೆಲಿಂಗ್ ಓದೋಕೆ ಹೊರಟಿದ್ದು ತಿಳಿದಾಗಿನಿಂದ ಇನ್‌ಬಾಕ್ಸಿಗೆ ಒಂದೇ ಪ್ರಶ್ನೆ: "ಅಕ್ಕಾ, ಈ ವಯಸ್ಸಲ್ಲಿ ಆಗುತ್ತಾ?" ಆಗುತ್ತೆ ಕಣ್ರೀ. ನಮ್ಮ ಕ್ಲಾಸಲ್ಲಿ ನರೆತ ತಲೆಗಳಿಗೇನೂ ಬರವಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಪ್ರಾಕ್ಟಿಕಂ, ಇಂಟರ್ನ್‌ಶಿಪ್ ಅಂತ ಕೋರ್ಸಿನ ಭಾಗವಾಗೇ ಮಾಡಬೇಕಾದ ತರಬೇತಿ ಕೆಲಸದ ಗಂಟೆಗಳನ್ನ ಎಲ್ಲಿಂದ ತರ್ತೀರಿ?

ಪುಸ್ತಕದ ಓದು ಹೇಗೋ ಸಾಗುತ್ತೆ. ಮಕ್ಕಳು ಮಲಗಿದ ಮೇಲೆ ಅಸೈನ್‌ಮೆಂಟ್ ಬರೆದು ಕಳಿಸಬಹುದು. ಕೌನ್ಸೆಲಿಂಗಿಗೆ ಬರೋ ಕ್ಲೈಂಟ್ ಮಾತ್ರ ನಿಮ್ಮ ಮಗು ಮಲಗೋವರೆಗೆ ಕಾಯೋಲ್ಲ. ಅಮೆರಿಕದಲ್ಲಿ ಕೇಕ್ರೆಪ್ (CACREP, ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇರೋ ಕೋರ್ಸಾದ್ರೆ ಕನಿಷ್ಠ 100 ಗಂಟೆ ಪ್ರಾಕ್ಟಿಕಂ, ಅದರಲ್ಲಿ 40 ಗಂಟೆ ಕ್ಲೈಂಟ್ ಎದುರು ಕೂರಬೇಕು. ಆಮೇಲೆ 600 ಗಂಟೆ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ಕ್ಲೈಂಟ್ ಜೊತೆ ನೇರ ಕೆಲಸ. ಎಷ್ಟೋ ಕಡೆ ಸಂಬಳವೂ ಇರಲ್ಲ. ಪದವಿ ಸಿಕ್ಕ ಮೇಲೂ ಪೂರ್ತಿ ಲೈಸೆನ್ಸಿಗೆ ಇನ್ನಷ್ಟು ಮೇಲ್ವಿಚಾರಣೆಯ ಗಂಟೆಗಳು ಕಾದಿರುತ್ತೆ. ಆ ಲೈಸೆನ್ಸ್ ಕೊಡೋದು ಆಯಾ ರಾಜ್ಯ. ಬ್ರಿಟನ್ನಿನ ಕಥೆ ಇನ್ನೊಂದು ಥರ: ಕೌನ್ಸೆಲರ್ ಅನ್ನೋ ಹೆಸರಿಗೆ ಅಲ್ಲಿ ಕಾನೂನಿನ ಕಾವಲಿಲ್ಲ, ಆದರೆ ಕೆಲಸ ಕೊಡೋರು ಬಿಎಸಿಪಿಯಂಥ ವೃತ್ತಿಸಂಸ್ಥೆಯ ಸದಸ್ಯತ್ವ ಕೇಳೋದು ಸಾಮಾನ್ಯ. ಎಲ್ಲೇ ಇರಿ, ನಿಮ್ಮ ವೀಸಾ ಓದೋಕೆ ಬಿಟ್ಟು ದುಡಿಯೋಕೆ ಬಿಡದೆ ಇರಬಹುದು. ಅದನ್ನೂ ಮೊದಲೇ ನೋಡ್ಕೊಳ್ಳಿ.

ಫೀಸಿನ ಲೆಕ್ಕ ಎಲ್ಲರ ಮನೇಲೂ ನಡೆಯುತ್ತೆ, ಈ ಗಂಟೆಗಳ ಲೆಕ್ಕ ನಡೆಯಲ್ಲ. "ನೀನು ಓದು, ನಾನಿದ್ದೀನಿ" ಅನ್ನೋ ಗಂಡಂದಿರಿಗೆ ದೊಡ್ಡ ನಮಸ್ಕಾರ. ಸ್ವಾಮಿ, ಮಂಗಳವಾರ ಮಧ್ಯಾಹ್ನ ಮಗುವಿಗೆ ಜ್ವರ ಅಂತ ಸ್ಕೂಲಿಂದ ಫೋನ್ ಬಂದಾಗ ಮೀಟಿಂಗ್ ಬಿಟ್ಟು ಎದ್ದು ಹೋಗೋದು ಯಾರು? ಇಲ್ಲಿ ಕೂಗಿದ್ರೆ ಓಡಿ ಬರೋಕೆ ಅಜ್ಜಿಯಿಲ್ಲ, ಅತ್ತಿಗೆಯಿಲ್ಲ. ಅಡ್ಮಿಷನ್‌ಗೆ ಮುಂಚೆಯೇ ಇದು ತೀರ್ಮಾನ ಆಗಲಿ.

ಆ ಗಂಟೆಗಳನ್ನ ತೇಲಿಸಿಬಿಡೋಣ ಅಂದ್ರೂ ಆಗಲ್ಲ, ಕೆಲಸ ಕಲಿಯೋದೇ ಅಲ್ಲಿ. "ಕಷ್ಟ ಸುಖ ಕಂಡೋಳು, ಚೆನ್ನಾಗಿ ಬುದ್ಧಿ ಹೇಳ್ತೀಯ" ಅಂತ ನೆಂಟರು ಸರ್ಟಿಫಿಕೇಟ್ ಕೊಡ್ತಾರಲ್ಲ, ಆ ಬುದ್ಧಿ ಹೇಳೋ ಚಟವೇ ಮೊದಲು ಬಿಡಬೇಕಾದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲೇ ಬರೆದಿಟ್ಟರು: ಎದುರಿಗಿರೋರು ಬದಲಾಗೋಕೆ ಬೇಕಾಗೋದು ಸಹಾನುಭೂತಿ, ಷರತ್ತಿಲ್ಲದ ಸ್ವೀಕಾರ, ಕೌನ್ಸೆಲರಿನ ಪ್ರಾಮಾಣಿಕತೆ. ಉಪದೇಶ ಆ ಪಟ್ಟಿಯಲ್ಲೇ ಇಲ್ಲ. ಓದೋಕೆ ಎಷ್ಟು ಸುಲಭ! ಅಭ್ಯಾಸದ ಸೆಷನ್‌ಗಳನ್ನ ವಿಡಿಯೋ ಮಾಡಿ ಗುಂಪಲ್ಲಿ ನೋಡ್ತೀವಿ. ಎದುರಿನವರು ಸುಮ್ಮನಾಗ್ತಾರೆ. ಎರಡು ಸೆಕೆಂಡ್ ಕಳೆಯೋದ್ರೊಳಗೆ "ಎಲ್ಲಾ ಸರಿಹೋಗುತ್ತೆ ಬಿಡಿ" ಅಂತ ಯಾರಾದರೂ ಬಾಯಿ ಹಾಕಿರ್ತಾರೆ. ಸೂಪರ್‌ವೈಸರ್ ಅಲ್ಲೇ ವಿಡಿಯೋ ನಿಲ್ಲಿಸಿ ಕೇಳ್ತಾರೆ: "ಈ ಸಮಾಧಾನ ಯಾರಿಗೆ ಬೇಕಿತ್ತು, ಅವರಿಗಾ, ನಿಮಗಾ?" ವಲಸೆ ಬಂದೋರಿಗೆ ಇದು ಇನ್ನೂ ಕಷ್ಟ. ಪರಭಾಷೆಯಲ್ಲಿ ಮೌನ ಬಂದರೆ ನಮಗೇ ಅರ್ಥವಾಗಲಿಲ್ಲವೇನೋ ಅಂತ ಗಾಬರಿಬಿದ್ದು ಮಾತು ತುಂಬಿಸ್ತೀವಿ.

ಹಾಗಾಗಿ ಅರ್ಜಿ ಹಾಕೋಕೆ ಮುಂಚೆ ಕಾಲೇಜಿಗೆ ಇಷ್ಟು ಕೇಳಿ. ಇಂಟರ್ನ್‌ಶಿಪ್ ಜಾಗ ಅವರು ಹುಡುಕಿಕೊಡ್ತಾರಾ, ನಾವೇ ಅಲೀಬೇಕಾ? ಸಂಜೆ, ಶನಿವಾರ ನಡೆಯುತ್ತಾ? ಗಂಟೆಗಳನ್ನ ಹೆಚ್ಚು ಸೆಮಿಸ್ಟರ್‌ಗಳಿಗೆ ಹಂಚಿಕೊಳ್ಳಬಹುದಾ? ನಾಳೆ ಊರು ಬದಲಾಯಿಸಿದ್ರೆ ಈ ಡಿಗ್ರಿ ಅಲ್ಲಿನ ಲೈಸೆನ್ಸಿಗೆ ನಡೆಯುತ್ತಾ? ಉತ್ತರ ಫೋನಲ್ಲಿ ಬೇಡ, ಈಮೇಲಲ್ಲಿ ಬರೆಸಿಕೊಳ್ಳಿ.