ಅಗ್ಗದ ರೋಡ್ ಸೈಕಲ್ ಮತ್ತು ಚಿಕ್ಕಮಗಳೂರಿನ ಏರುದಾರಿ

ಚಿಕ್ಕಮಗಳೂರಿನಂಥ ಊರಿನಲ್ಲಿದ್ದುಕೊಂಡು ಮೂವತ್ತು ಸಾವಿರದೊಳಗಿನ ರೋಡ್ ಸೈಕಲ್, ಅಂದರೆ ಡಾಂಬರು ರಸ್ತೆಯಲ್ಲಿ ಓಡಿಸುವ ತೆಳು ಟಯರಿನ ಸೈಕಲ್, ಕೊಳ್ಳಬಹುದೇ ಎಂದು ನನ್ನನ್ನು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದ ಮೇಲೆ ನಮ್ಮ ಶಾಲೆಯ ಸಹೋದ್ಯೋಗಿಗಳೇ ಇಬ್ಬರು ಕೇಳಿದರು. ಧೈರ್ಯವಾಗಿ ಕೊಳ್ಳಿ ಎಂಬುದೇ ನನ್ನ ಉತ್ತರ. ಆದರೆ ಅಂಗಡಿಯಲ್ಲಿ ಎಣಿಸಿಕೊಟ್ಟ ದುಡ್ಡನ್ನೇ ಸೈಕಲ್ಲಿನ ಪೂರ್ತಿ ಬೆಲೆ ಎಂದುಕೊಂಡು ಕೊಂಡರೆ, ಮುಳ್ಳಯ್ಯನಗಿರಿಯ ಬುಡದಲ್ಲಿರುವ ನಮ್ಮಂಥವರು ಒಂದೇ ಮಳೆಗಾಲದಲ್ಲಿ ಬೇಸತ್ತು ಅದನ್ನು ಮನೆಯ ಮೂಲೆಗೆ ಒರಗಿಸಿಬಿಡುತ್ತೇವೆ. ನಾಲ್ಕೂವರೆ ವರ್ಷಗಳಲ್ಲಿ 11,000 ಕಿ.ಮೀ. ತುಳಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನನ್ನದು 2021ರಲ್ಲಿ 28,000 ರೂಪಾಯಿಗೆ ಕೊಂಡ ಸೈಕಲ್. ಅಲ್ಯುಮಿನಿಯಂ ಫ್ರೇಮು, ಉಕ್ಕಿನ ಫೋರ್ಕು, ಬಾಗಿದ ಹ್ಯಾಂಡಲ್ಲು, ಪೆಡಲ್ಲಿನ ಬಳಿ ಮುಂದೆ 50 ಮತ್ತು 34 ಹಲ್ಲಿನ ಎರಡು ಹಲ್ಲುಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಗೇರು, ಗೇರು ಬದಲಿಸಲು ಶಿಮಾನೊ ಟೂರ್ನಿ ಶಿಫ್ಟರು, ಒಟ್ಟು ತೂಕ 11 ಕಿಲೋ. ರೋಡ್ ಬೈಕ್ ಎಂದರೆ ನಮ್ಮಲ್ಲಿ ಹಲವರು ಮೋಟಾರ್ ಸೈಕಲ್ ಎಂದೇ ತಿಳಿಯುವುದರಿಂದ ಇಲ್ಲಿ ರೋಡ್ ಸೈಕಲ್ ಎಂದೇ ಬರೆಯುತ್ತೇನೆ.

ಮೊದಲು ತೂಕದ ವಿಚಾರ. ಇನ್ನೊಂದಿಷ್ಟು ಲಕ್ಷ ಸೇರಿಸಿ ಹಗುರವಾದುದನ್ನು ಕೊಳ್ಳಿ ಎಂದು ಸಲಹೆ ಕೊಡುವವರಿಗೆ ಕೊರತೆಯಿಲ್ಲ. ನನ್ನ ಮೈತೂಕ 72 ಕಿಲೋ. ಸೈಕಲ್ಲು, ನೀರಿನ ಬಾಟಲಿ, ಟ್ಯೂಬು, ಪಂಪು ಎಲ್ಲ ಸೇರಿ 85 ಕಿಲೋ ಆಗುತ್ತದೆ. ಸೈಕಲ್ಲಿನಲ್ಲಿ ಎರಡು ಕಿಲೋ ಇಳಿಸಿದರೂ ಒಟ್ಟು ಭಾರದಲ್ಲಿ ಇಳಿಯುವುದು ನೂರಕ್ಕೆ ಎರಡೂ ಚಿಲ್ಲರೆ ಪಾಲು ಮಾತ್ರ. ಅಂದರೆ ನೂರು ನಿಮಿಷದ ಏರಿನಲ್ಲಿ ಎರಡು, ಎರಡೂವರೆ ನಿಮಿಷದ ಉಳಿತಾಯ. ಪಂದ್ಯಕ್ಕೆ ಹೋಗುವವರಿಗೆ ಅದು ದೊಡ್ಡದು. ಶಾಲೆ ಶುರುವಾಗುವ ಮುಂಚೆ ಗಿರಿಯ ದಾರಿಯಲ್ಲಿರುವ ಕೈಮರದವರೆಗೆ ಹೋಗಿಬರುವ ನನ್ನಂಥವನಿಗೆ ಅದಕ್ಕಾಗಿ ಸಾಲ ಮಾಡುವ ಅಗತ್ಯ ಕಾಣುವುದಿಲ್ಲ.

ನಿಜವಾದ ತೊಡಕು ಗೇರಿನದು. ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಈ ಅಂತರದ ಬಹುಪಾಲು ಏರು ಬರುವುದು ಕೈಮರ ದಾಟಿದ ಮೇಲೆ. ಅಲ್ಲಿ ನನ್ನ ಸೈಕಲ್ಲಿನ ಅತಿ ಹಗುರದ ಗೇರು, ಅಂದರೆ ಮುಂದೆ 34 ಹಿಂದೆ 28, ಪೆಡಲ್ಲಿನ ಒಂದು ಸುತ್ತಿಗೆ ಎರಡೂವರೆ ಮೀಟರಿಗಿಂತ ಹೆಚ್ಚು ದೂರ ಓಡಿಸುತ್ತಿತ್ತು. ನಿಮಿಷಕ್ಕೆ ಅರವತ್ತು ಸುತ್ತು ತುಳಿಯಬೇಕಾದರೆ ಗಂಟೆಗೆ 9 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಹತ್ತಬೇಕು; ಹತ್ತು ಮೀಟರಿಗೆ ಒಂದು ಮೀಟರ್ ಏರುವ ತಿರುವುಗಳಲ್ಲಿ ಅಷ್ಟು ಶಕ್ತಿ ಹೊಸಬರ ಕಾಲಿಗೆ ಇರುವುದಿಲ್ಲ. ಆಗ ಕಾಲು ನಿಧಾನವಾಗುತ್ತದೆ, ಭಾರವೆಲ್ಲ ಮಂಡಿಗೆ ಬೀಳುತ್ತದೆ, ಮನೆಗೆ ಬಂದ ಮೇಲೆ ಎರಡು ದಿನ ಮೆಟ್ಟಿಲು ಹತ್ತುವುದು ಕಷ್ಟವಾಗುತ್ತದೆ. ಮೊದಲ ಆರು ತಿಂಗಳು ನನ್ನ ಮೈಯಲ್ಲೇ ಕಸುವಿಲ್ಲವೆಂದು ನಂಬಿದ್ದೆ. ಆಮೇಲೆ ಹಿಂದಿನ ಫ್ರೀವೀಲನ್ನು, ಅಂದರೆ ಹಲ್ಲುಚಕ್ರಗಳ ಕಟ್ಟನ್ನು, 34 ಹಲ್ಲಿನವರೆಗೆ ಇರುವುದಕ್ಕೆ ಬದಲಿಸಿದೆ. ಸೈಕಲ್ಲಿನ ಜೊತೆಗೆ ಬಂದಿದ್ದ, ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೈಲರ್ 28 ಹಲ್ಲಿಗಿಂತ ದೊಡ್ಡದನ್ನು ನಿಭಾಯಿಸುವಂಥದ್ದಲ್ಲವಾದ್ದರಿಂದ ಗುಡ್ಡಗಾಡಿನ ಸೈಕಲ್ಲಿಗೆ ಹಾಕುವ ಉದ್ದ ಕಾಲಿನ ಡಿರೈಲರ್ ಮತ್ತು ಸ್ವಲ್ಪ ಉದ್ದದ ಚೈನು ಬೇಕಾಯಿತು. ಏಳು ಗೇರಿನ ಶಿಮಾನೊ ವ್ಯವಸ್ಥೆಯಲ್ಲಿ ರೋಡ್ ಸೈಕಲ್ಲಿಗೂ ಗುಡ್ಡದ ಸೈಕಲ್ಲಿಗೂ ತಂತಿ ಎಳೆಯುವ ಲೆಕ್ಕ ಒಂದೇ ಆಗಿರುವುದರಿಂದ ಶಿಫ್ಟರ್ ಬದಲಿಸುವ ಪ್ರಮೇಯ ಬರಲಿಲ್ಲ. ಒಟ್ಟು ಖರ್ಚು 2,600 ರೂಪಾಯಿ. ಈಗ ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ದೂರ ಸಾಗುತ್ತದೆ. ಸೀತಾಳಯ್ಯನಗಿರಿಯವರೆಗೆ ಕಾಲು ಕೆಳಗಿಡದೆ ಹೋದದ್ದು ಆ ವಾರವೇ. ಈ ಬದಲಾವಣೆಯನ್ನು ಕೊಳ್ಳುವ ದಿನವೇ ಮಾಡಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನೊಂದು ದೌರ್ಬಲ್ಯ ಹಿಂದಿನ ಚಕ್ರದ ಆಕ್ಸಲ್, ಅಂದರೆ ಅಚ್ಚು. ಕಡಿಮೆ ಬೆಲೆಯ ಏಳು ಗೇರಿನ ಸೈಕಲ್ಲುಗಳಲ್ಲಿ ಫ್ರೀವೀಲನ್ನು ಚಕ್ರದ ನಡುವಿನ ಹಬ್ ಮೇಲೆ ತಿರುಪಿ ಕೂರಿಸಿರುತ್ತಾರೆ. ಬಲಗಡೆಯ ಬೇರಿಂಗು ಫ್ರೀವೀಲಿಗಿಂತ ಒಳಗೆ ಉಳಿಯುವುದರಿಂದ ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ಲಿಗೆ ಯಾವ ಆಸರೆಯೂ ಇಲ್ಲ. ಗುಂಡಿಗೆ ಬಿದ್ದಾಗಲೆಲ್ಲ ಅದೇ ಜಾಗ ಬಾಗುತ್ತದೆ. ಎರಡನೆಯ ವರ್ಷ ಬೇಲೂರಿನಿಂದ ಹಿಂದಿರುಗುವಾಗ ಹಿಂದಿನ ಚಕ್ರ ಒಂದು ಬದಿಯ ಬ್ರೇಕಿಗೆ ತಾಗತೊಡಗಿತು. ರಿಮ್ಮು ಬೆಂಡಾಗಿದೆ ಎಂದುಕೊಂಡು ಬ್ರೇಕ್ ಸಡಿಲಿಸಿಕೊಂಡು ಹಾಗೇ ಬಂದೆ. ನಮ್ಮ ಬೀದಿಯ ಸೈಕಲ್ ಮೇಸ್ತ್ರಿಯವರು ಚಕ್ರ ಬಿಚ್ಚಿ, ಟೊಳ್ಳು ಆಕ್ಸಲ್ಲಿನ ಒಳಗಿನ ತೆಳ್ಳನೆಯ ಕಡ್ಡಿಯನ್ನು ಎಳೆದ ಕೂಡಲೇ ಆಕ್ಸಲ್ ಎರಡು ತುಂಡಾಗಿ ಅವರ ಅಂಗೈಗೆ ಬಂತು. ಮುರಿದ ಬಾಯಿಯ ಅರ್ಧಭಾಗ ತುಕ್ಕಿನಿಂದ ಕಪ್ಪಾಗಿತ್ತು, ಉಳಿದರ್ಧ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು. "ಮೇಷ್ಟ್ರೆ, ಇದು ಇವತ್ತು ಮುರಿದದ್ದಲ್ಲ, ಬಿರುಕು ಬಿಟ್ಟು ತಿಂಗಳುಗಟ್ಟಲೆ ಆಗಿದೆ. ಈ ಕಡ್ಡಿ ಹಿಡ್ಕೊಂಡಿದ್ದಕ್ಕೆ ಮನೆ ಸೇರಿದ್ರಿ," ಎಂದರು. ಟೊಳ್ಳು ಆಕ್ಸಲ್ಲಿನ ಬದಲು ನಟ್ಟು ಬಿಗಿಯುವ ಗಟ್ಟಿ ಆಕ್ಸಲ್, ಬೇರಿಂಗಿನ ಹೊಸ ಕೋನು, ಹೊಸ ಗುಂಡು ಹಾಕಿ 450 ರೂಪಾಯಿ ತೆಗೆದುಕೊಂಡರು. ಅಂದಿನಿಂದ ಜೇಬಿನಲ್ಲಿ ಒಂದು 15ರ ಸ್ಪ್ಯಾನರ್ ಇರಬೇಕಾಗಿದೆ, ಅಷ್ಟೇ. ಆ ಚಕ್ರ ಇವತ್ತಿಗೂ ನೆಟ್ಟಗಿದೆ.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಬ್ರೇಕಿನ ಬಗ್ಗೆ. ಗಿರಿಯನ್ನು ಹತ್ತಲಾಗದಿದ್ದರೆ ಇಳಿದು ತಳ್ಳಿಕೊಂಡು ಹೋಗಬಹುದು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಿದ್ದರೆ ಎರಡನೆಯ ಅವಕಾಶವಿಲ್ಲ. ರಿಮ್ಮನ್ನು ಹಿಡಿಯುವ ಬ್ರೇಕು ಮಳೆಯಲ್ಲಿ ಮೊದಲು ರಿಮ್ಮಿನ ಮೇಲಿನ ನೀರನ್ನು ಒರೆಸಬೇಕು, ಆಮೇಲಷ್ಟೇ ಹಿಡಿತ ಸಿಗುತ್ತದೆ. ಅಷ್ಟರಲ್ಲಿ ಸೈಕಲ್ಲು ಹಲವು ಮೀಟರ್ ಮುಂದೆ ಹೋಗಿರುತ್ತದೆ. ಒಂದು ಜುಲೈ ಬೆಳಿಗ್ಗೆ, ಮಂಜಿನಲ್ಲಿ ಕೈಮರದ ಕಡೆಗೆ ಇಳಿಯುವಾಗ ಎರಡೂ ಬ್ರೇಕ್ ಪೂರ್ತಿ ಹಿಡಿದಿದ್ದರೂ ಸೈಕಲ್ಲು ನಿಲ್ಲದೆ ತಿರುವಿನ ಹೊರ ಅಂಚಿನವರೆಗೆ ಜಾರಿತು. ಎದುರಿಗೆ ವಾಹನ ಬರದೆ ಇದ್ದುದರಿಂದ ಉಳಿದೆ. ಮನೆಗೆ ಬಂದು ಬ್ರೇಕ್ ರಬ್ಬರುಗಳನ್ನು ಬಿಚ್ಚಿ ನೋಡಿದರೆ ಕಲ್ಲಿನಂತೆ ಗಟ್ಟಿಯಾಗಿದ್ದವು, ಅವುಗಳ ಮೈಯಲ್ಲಿ ಅಲ್ಯುಮಿನಿಯಂ ಚೂರುಗಳು ನಾಟಿಕೊಂಡಿದ್ದವು. ರಿಮ್ಮಿನಿಂದ ಕೆರೆದುಕೊಂಡ ಆ ಚೂರುಗಳೇ ಮತ್ತೆ ರಿಮ್ಮನ್ನು ತಿನ್ನುತ್ತಿದ್ದವು. ಅವತ್ತೇ 750 ರೂಪಾಯಿ ಕೊಟ್ಟು ಮೆತ್ತನೆಯ, ಒಳ್ಳೆಯ ದರ್ಜೆಯ ರಬ್ಬರು ತರಿಸಿದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ದಬ್ಬಳದ ತುದಿಯಿಂದ ಆ ಚೂರುಗಳನ್ನು ಕಿತ್ತು, ರಿಮ್ಮನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಈಗ ರೂಢಿಯಾಗಿದೆ. ತಿರುವಿಗೆ ಬಹಳ ಮುಂಚೆಯೇ ಬ್ರೇಕನ್ನು ಹಗುರವಾಗಿ ತಾಗಿಸಿ ನೀರು ಒರೆಸಿಕೊಳ್ಳುವುದನ್ನೂ ಕಲಿತೆ.

ಟಯರಿನ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. 25 ಎಂಎಂ ಅಗಲದವು ಬಂದಿದ್ದವು, ಗುಂಡಿಯ ಅಂಚಿಗೆ ಬಡಿದಾಗಲೆಲ್ಲ ಹಾವು ಕಚ್ಚಿದಂತೆ ಟ್ಯೂಬಿಗೆ ಅಕ್ಕಪಕ್ಕ ಎರಡು ತೂತು ಬೀಳುತ್ತಿತ್ತು. 3,100 ರೂಪಾಯಿಗೆ 28 ಎಂಎಂ ಜೋಡಿ ಹಾಕಿಸಿ ಗಾಳಿಯನ್ನು 100ರಿಂದ 80 ಪಿಎಸ್‌ಐಗೆ ಇಳಿಸಿದ ಮೇಲೆ ಆ ಕಾಟ ನಿಂತಿದೆ, ಕೈಗೂ ಸೊಂಟಕ್ಕೂ ನೆಮ್ಮದಿಯಾಗಿದೆ. ಸೈಕಲ್ಲಿನಲ್ಲಿ ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಇದ್ದರೆ ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಸದಾ ಜೊತೆಗಿಟ್ಟುಕೊಳ್ಳಿ. ಅದಿಲ್ಲದೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುವುದಿಲ್ಲ.

ಮಾರಿದವರ ಬಗ್ಗೆ ನನಗೊಂದು ನೋವಿದೆ. ಎಡಗಡೆಯ ಕ್ರ್ಯಾಂಕನ್ನು, ಅಂದರೆ ಪೆಡಲ್ಲು ಕೂರುವ ತೋಳನ್ನು, ಸರಿಯಾಗಿ ಬಿಗಿಯದೆ ಕೊಟ್ಟಿದ್ದರಿಂದ ಮುನ್ನೂರು ಕಿ.ಮೀ. ಆಗುವಷ್ಟರಲ್ಲಿ ಅದರ ಚೌಕದ ತೂತು ಸವೆದು ಹಾಳಾಯಿತು, ನೀವು ತುಳಿದ ರೀತಿ ಸರಿಯಿಲ್ಲ ಎಂದು ನನ್ನ ಮೇಲೆಯೇ ಹಾಕಿದರು. ಅಗ್ಗದ ಸೈಕಲ್ ಕೊಳ್ಳುವವರಿಗೂ ಸರಿಯಾಗಿ ಜೋಡಿಸಿದ ಸೈಕಲ್ ಪಡೆಯುವ ಹಕ್ಕಿದೆ. ಹಣ ಕೊಡುವ ಮುಂಚೆ ಕ್ರ್ಯಾಂಕು, ಪೆಡಲ್ಲು, ಹ್ಯಾಂಡಲ್ಲಿನ ಬೋಲ್ಟುಗಳನ್ನು ನಿಮ್ಮೆದುರಿಗೇ ಬಿಗಿಸಿ ತೋರಿಸಲು ಕೇಳಿ, ಸಂಕೋಚ ಬೇಡ.

ಎಲ್ಲರಿಗೂ ಇದೇ ಸೈಕಲ್ ಸರಿ ಎಂದು ನಾನು ಹೇಳುವುದಿಲ್ಲ. ತೋಟದ ಮಣ್ಣುದಾರಿಯಲ್ಲೇ ಹೆಚ್ಚು ಓಡಾಡುವವರು ಅಗಲ ಟಯರಿನದನ್ನು ಕೊಳ್ಳುವುದು ಲೇಸು. ಆದರೆ ಬೇಲೂರಿಗೆ, ಕಡೂರಿಗೆ, ಸಖರಾಯಪಟ್ಟಣದ ಆಚೆಗಿನ ಬಯಲಿಗೆ ಹೋಗಿಬರುವವರಿಗೆ ಇದರ ಓಟದ ಸುಖವೇ ಬೇರೆ. ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗೆ ಬ್ರೆವೆ ಎನ್ನುತ್ತಾರೆ; 200 ಕಿ.ಮೀ. ಬ್ರೆವೆಗೆ ಕೊಡುವ ಕಾಲಾವಕಾಶ 13 ಗಂಟೆ 30 ನಿಮಿಷ. ಗಂಟೆಗೆ 15 ಕಿ.ಮೀ. ಸರಾಸರಿ ಕಾಯ್ದುಕೊಂಡರೆ ಮುಗಿಯುತ್ತದೆ. ಅಷ್ಟು ವೇಗವನ್ನು ಈ ಸೈಕಲ್ಲು ನಿರಾಯಾಸವಾಗಿ ಕೊಡುತ್ತದೆ.

ಮೇಲೆ ಹೇಳಿದ ಖರ್ಚುಗಳನ್ನು ಕೂಡಿಸಿದರೆ 6,900 ರೂಪಾಯಿ, ಅಂದರೆ ಕೊಂಡ ಬೆಲೆಯ ಹೆಚ್ಚುಕಡಿಮೆ ಕಾಲು ಭಾಗ. ಕೈಯಲ್ಲಿ 28,000 ಇದ್ದರೆ 21,000ದ ಸೈಕಲ್ ಕೊಂಡು ಉಳಿದದ್ದನ್ನು ಇವಕ್ಕೆ ಎತ್ತಿಡಿ. ನಿನ್ನೆ ಸಂಜೆ ಉಕ್ಕಿನ ಸ್ಕೇಲು ಹಿಡಿದು ಚೈನು ಅಳೆದೆ: ಇಪ್ಪತ್ತನಾಲ್ಕು ಕೊಂಡಿ ಸರಿಯಾಗಿ 12 ಇಂಚು ಇರಬೇಕಾದದ್ದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಮುಂದೆ ಹೋಗಿದೆ. ಹೊಸ ಚೈನು ಹಾಕಿಸಲು ಶನಿವಾರ ಮಧ್ಯಾಹ್ನ ಮೇಸ್ತ್ರಿಯವರ ಅಂಗಡಿಯಲ್ಲಿರುತ್ತೇನೆ. ಕೊಳ್ಳುವ ಮನಸ್ಸಿದ್ದವರು ಆಗ ಬಂದರೆ ಸೈಕಲ್ಲನ್ನು ಒಂದು ಸುತ್ತು ತುಳಿದು ನೋಡಬಹುದು.