ನಾಯಕನಲ್ಲದವನ ಒಂದು ತಿಂಗಳು

ಅಕ್ಕನ ಮಗಳಿಗೆ ರಜೆ ಅಂದರೆ ನನಗೆ ಪರೀಕ್ಷೆ. ಮೊನ್ನೆ ಇಬ್ಬರೂ ಸೋಫಾದ ಎರಡು ತುದಿಯಲ್ಲಿ ಕಾಲು ಚಾಚಿ ಬಿದ್ದುಕೊಂಡಿದ್ದೆವು. ವಿಡಿಯೋ ಗೇಮ್ ಕಂಟ್ರೋಲರನ್ನು ಚಾರ್ಜ್‌ಗೆ ಹಾಕಿದ್ದೆ. ಆಡೋಕೆ ಆಗದಿದ್ದಾಗ ಆಟದ ಮಾತೇ ಗತಿ.

"ಮಾಮ, ಒಂದು ತಿಂಗಳು ಯಾವುದಾದ್ರೂ ಗೇಮ್ ಒಳಗೆ ಹೋಗಿ ಇರ್ಬೇಕು ಅಂದ್ರೆ ಎಲ್ಲಿಗೆ ಹೋಗ್ತೀಯ?"

ನಾನು ಯೋಚನೆಯನ್ನೇ ಮಾಡಲಿಲ್ಲ. "ಸ್ಕೈರಿಮ್" ಅಂದೆ.

2011ರ ಆಟ ಅದು. ಹಳೆಯದಾಯಿತು ಅನ್ನುವವರು ಅನ್ನಲಿ. ವೈಟ್‌ರನ್ ಅನ್ನುವ ಪೇಟೆಯ ಹೆಬ್ಬಾಗಿಲು ದಾಟಿದ ಕೂಡಲೇ ಕಮ್ಮಾರಸಾಲೆ. ಅದರ ಪಕ್ಕದಲ್ಲೇ ಒಂದು ಪುಟ್ಟ ಮನೆ. 5,000 ಚಿನ್ನದ ನಾಣ್ಯ ಕೊಟ್ಟರೆ ನಮ್ಮದು. ಆ ಮನೆ ಕೊಂಡ ರಾತ್ರಿ ನಾನು ಯಾವ ಸಾಹಸಕ್ಕೂ ಹೋಗಲಿಲ್ಲ. ಹೊತ್ತು ತಂದ ಪುಸ್ತಕಗಳನ್ನೆಲ್ಲ ಕಪಾಟಿಗೆ ಜೋಡಿಸಿ, ಉರಿಯುವ ಬೆಂಕಿಯ ಮುಂದೆ ಸುಮ್ನೆ ನಿಂತಿದ್ದೆ. ಹೊರಗೆ ಲೋಕವನ್ನೇ ಮುಗಿಸಲು ಒಂದು ಡ್ರ್ಯಾಗನ್ ಕಾಯುತ್ತಿತ್ತು. ಕಾಯಲಿ ಬಿಡಿ, ಅದಕ್ಕೇನು ಬೇರೆ ಕೆಲಸವೇ?

ಆ ಮನೆಯ ನೆನಪಲ್ಲೇ ಉತ್ತರ ಕೊಟ್ಟಿದ್ದೆ. ಅವಳು ಬಿಡಲಿಲ್ಲ. "ಒಂದು ಕಂಡಿಷನ್. ನೀನು ಹೀರೋ ಅಲ್ಲ. ಸುಮ್ನೆ ಊರವನು. ಸತ್ರೆ ಹಿಂದಕ್ಕೆ ಹೋಗೋಕೆ ಸೇವ್ ಇಲ್ಲ, ಮೆನು ಇಲ್ಲ."

"ಡ್ರ್ಯಾಗನ್ ಬಂದ್ರೆ?"

"ಓಡು."

ಅಷ್ಟು ಹೊತ್ತಿಗೆ ನನ್ನ ಉತ್ಸಾಹ ಅರ್ಧ ಇಳಿದಿತ್ತು. ಉಳಿದರ್ಧ ಇಳಿದದ್ದು ಬಕೆಟ್ ನೆನಪಾದಾಗ.

ಸ್ಕೈರಿಮ್ ಆಡಿದವರಿಗೆ ಈ ಕಳ್ಳದಾರಿ ಗೊತ್ತು. ಅಂಗಡಿಗೆ ಹೋಗಿ ಅಲ್ಲೇ ಬಿದ್ದಿರುವ ಬಕೆಟ್ಟೋ ಪಾತ್ರೆಯೋ ಎತ್ತಿ, ಮೆಲ್ಲಗೆ ತಂದು ಅಂಗಡಿಯವನ ತಲೆಗೆ ಕವುಚಿದರೆ ಆಯಿತು. ಅವನು ತಡೆಯುವುದಿಲ್ಲ, ಬೈಯುವುದಿಲ್ಲ, ತೆಗೆಯುವುದೂ ಇಲ್ಲ. ಅವನ ಕಣ್ಣಿಗೆ ಕಾಣದ ಕಳ್ಳತನ ಆ ಲೋಕದ ಲೆಕ್ಕದಲ್ಲಿ ಕಳ್ಳತನವೇ ಅಲ್ಲ. ಮೊದಲ ಸಲ ಮಾಡಿದಾಗ ನಾನು ನಕ್ಕೂ ನಕ್ಕೂ ಸುಸ್ತಾಗಿದ್ದೆ. ಅವನ ಅಂಗಡಿಯ ಕತ್ತಿ, ಬಟ್ಟಲು, ಔಷಧಿ ಸೀಸೆ, ಕೊನೆಗೆ ಮೇಜಿನ ಮೇಲಿದ್ದ ಚಮಚವನ್ನೂ ಬಿಡಲಿಲ್ಲ. ಚಮಚ ನನಗೆ ಯಾಕೆ ಬೇಕಿತ್ತೋ ದೇವರಿಗೇ ಗೊತ್ತು.

ಈಗ ಯೋಚಿಸಿ. ಊರವನಾಗಿ ಹೋದರೆ ಆ ಬಕೆಟ್ಟಿನ ಒಳಗಿನ ತಲೆ ನನ್ನದು.

ಇಲ್ಲಿಯವರೆಗೆ ನಾನು ನೋಡಿದ ಲೋಕಗಳನ್ನೆಲ್ಲ ನಾಯಕನ ಹೆಗಲ ಹಿಂದೆ ನಿಂತೇ ನೋಡಿದ್ದು. ಊರಿನ ಜನ ಇರುವುದೇ ನನಗೆ ದಾರಿ ಹೇಳೋಕೆ, ಸಾಮಾನು ಮಾರೋಕೆ, ಕಷ್ಟ ಹೇಳಿಕೊಳ್ಳೋಕೆ ಅಂದುಕೊಂಡಿದ್ದೆ. ಅವರ ಕಡೆಯಿಂದ ನೋಡಿದರೆ ನಾಯಕನಷ್ಟು ದೊಡ್ಡ ಪೀಡೆ ಇನ್ನೊಂದಿಲ್ಲ. ಬಾಗಿಲು ತಟ್ಟದೆ ಒಳಗೆ ಬರುತ್ತಾನೆ. ಮೇಜಿನ ಮೇಲೆ ಹತ್ತುತ್ತಾನೆ. ನಾವು ಮಾತಾಡುತ್ತಿದ್ದರೆ ಅರ್ಧಕ್ಕೇ ಬಟನ್ ಒತ್ತಿ ಮುಂದಕ್ಕೆ ಓಡಿಸುತ್ತಾನೆ. ಜೆಲ್ಡಾ ಆಟಗಳ ನಾಯಕ ಲಿಂಕ್ ಎಷ್ಟು ಒಳ್ಳೆ ಹುಡುಗ, ಒಂದು ಕೆಟ್ಟ ಮಾತು ಆಡುವವನಲ್ಲ. ಅವನೂ ಕಂಡವರ ಮನೆಗೆ ನುಗ್ಗಿ ಗಡಿಗೆ ಎತ್ತಿ ಒಡೆಯುವವನೇ. ಮನೆಯವರು ಪಕ್ಕದಲ್ಲೇ ನಿಂತು ಹವಾಮಾನದ ಮಾತಾಡಬೇಕು.

ಹಾಗಾಗಿ ನನ್ನ ಹುಡುಕಾಟದ ದಿಕ್ಕೇ ಬದಲಾಯಿತು. ಊರು ಚೆನ್ನಾಗಿದೆಯಾ ಅಂತ ಅಲ್ಲ, ಆ ಊರಿಗೆ ಎಂಥ ನಾಯಕ ಬರುತ್ತಾನೆ ಅಂತ ನೋಡಬೇಕು.

ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಅನ್ನುವ ಕಾರು ಕದಿಯುವ ಆಟದ ಊರುಗಳ ಮಾತೇ ಬೇಡ. ಅಲ್ಲಿ ಊರವನಾಗಿರುವುದು ಅಂದರೆ ಕಾರನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸಿ, ಯಾರು ಬಂದು ಬಾಗಿಲು ಎಳೆಯುತ್ತಾರೆ ಅಂತ ಕಾಯುವುದು. ಪೊಕೆಮಾನ್ ಲೋಕ ಪರವಾಗಿಲ್ಲ, ಆಸ್ಪತ್ರೆ ಪುಕ್ಕಟೆ. ಪುಕ್ಕಟೆ ಚಿಕಿತ್ಸೆ ಸಾಕುಪ್ರಾಣಿಗೆ, ನಮಗಲ್ಲ, ಅದು ಬೇರೆ ಮಾತು. ಆದರೆ ಅಲ್ಲಿ ದಾರಿಯಲ್ಲಿ ಕಣ್ಣಿಗೆ ಕಣ್ಣು ಸೇರಿದರೆ ಇಬ್ಬರ ಸಾಕುಪ್ರಾಣಿಗಳಿಗೂ ಕಾಳಗ. ಹತ್ತು ವರ್ಷದ ಹುಡುಗನೊಬ್ಬನ ಕೈಲಿ ಸೋತು, ಜೇಬಿನ ದುಡ್ಡನ್ನೂ ಕೊಟ್ಟು ಕಳಿಸಬೇಕು. ನನ್ನ ವಯಸ್ಸಿಗೆ ಅದು ಬೇಡ.

"ಸಿಮ್ಸ್‌ಗೆ ಹೋಗು, ಅಲ್ಲಿ ಹೀರೋನೇ ಇಲ್ಲ" ಅಂದಳು.

ಹೀರೋ ಇಲ್ಲ ನಿಜ. ಮೇಲಿಂದ ನೋಡುವ ಒಬ್ಬರಿದ್ದಾರಲ್ಲ! ಸಿಮ್ ಅನ್ನುವ ಪುಟ್ಟ ಜನರ ಮನೆ, ಬದುಕನ್ನೆಲ್ಲ ನಾವೇ ನಡೆಸುವ ಆ ಆಟ, ದ ಸಿಮ್ಸ್, ಬಂದದ್ದು 2000ದಲ್ಲಿ. ಮಾಡಿದ ವಿಲ್ ರೈಟ್ ಅವರ ಮನೆ 1991ರಲ್ಲಿ ಅಮೆರಿಕದ ಓಕ್ಲಂಡ್ ಬೆಟ್ಟದ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಒಂದೊಂದೇ ಸಾಮಾನು ಕೊಂಡು ಮತ್ತೆ ಬದುಕು ಕಟ್ಟಿಕೊಂಡ ಅನುಭವ ಆ ಆಟದ ಬೇರಲ್ಲಿದೆ. ಕುರ್ಚಿ ಎಲ್ಲಿಡಲಿ, ದೀಪ ಯಾವುದು ತರಲಿ, ಮೊದಲು ಮಂಚವೋ ಮೇಜೋ ಅನ್ನುವ ಚಿಂತೆಯೇ ಒಂದು ಆಟವಾಗಬಹುದು ಅಂತ ಮನೆ ಕಳೆದುಕೊಂಡವರಿಗೆ ಹೊಳೆದದ್ದು ನನಗೆ ಆಶ್ಚರ್ಯ ಅನಿಸುವುದಿಲ್ಲ. ಆದರೆ ಅಂಥ ಅಕ್ಕರೆಯಿಂದ ಹುಟ್ಟಿದ ಆಟವನ್ನು ನಾವು ಆಡಿದ್ದು ಹೇಗೆ? ಸಿಮ್ ಒಬ್ಬ ಈಜುಕೊಳಕ್ಕೆ ಇಳಿದ ಮೇಲೆ ಏಣಿ ತೆಗೆದುಬಿಡುವುದು. ಮೊದಲ ಆಟದಲ್ಲಿ ಏಣಿ ಇಲ್ಲದೆ ಅವರಿಗೆ ಮೇಲೆ ಬರಲು ಗೊತ್ತಿರಲಿಲ್ಲ. ಅವನು ಮುಳುಗುವವರೆಗೆ ನೋಡುತ್ತಾ ಕೂರುವುದು.

"ನೀನೂ ಮಾಡಿದ್ಯಾ?" ಅಂತ ಕೇಳಿದೆ.

"ಒಂದೇ ಸಲ" ಅಂದಳು. ಅವಳ ಮುಖ ನೋಡಿದರೆ ಒಂದೇ ಸಲದ ಹಾಗೆ ಕಾಣಲಿಲ್ಲ.

ಮೈನ್‌ಕ್ರಾಫ್ಟ್‌ನಲ್ಲಿ ನಾಯಕನ ಕಾಟವಿಲ್ಲ. ಎಲ್ಲವೂ ಚೌಕ ತುಂಡುಗಳಿಂದಾದ ಲೋಕ ಅದು. ಪೀಸ್‌ಫುಲ್ ಅನ್ನುವ ಆಯ್ಕೆ ಹಾಕಿಕೊಂಡರೆ ರಾತ್ರಿ ದೆವ್ವಭೂತವೂ ಇಲ್ಲ, ಹಸಿವೂ ಆಗುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಅಲ್ಲಿ ದೂರದ ಬೆಟ್ಟವೂ ಚೌಕ, ಹತ್ತಿರದ್ದೂ ಚೌಕ. ಮೋಸವೇ ಇಲ್ಲ. ಮರದ ಬುಡ ಕಡಿದರೂ ಮೇಲಿನ ಕೊಂಬೆ ಗಾಳಿಯಲ್ಲೇ ನಿಂತಿರುತ್ತದೆ. ಸ್ವಲ್ಪ ಹೊತ್ತು ನನಗೆ ಇದೇ ಸರಿ ಅನಿಸಿತು. ಆದರೆ ಮಾತಾಡಲು ಯಾರಿದ್ದಾರೆ? ಅಲ್ಲಿನ ಹಳ್ಳಿಯವರು ಕೈ ಕಟ್ಟಿಕೊಂಡು "ಹ್ಞೂಂ" ಅನ್ನುತ್ತಾರೆ. ಬೆಳಗ್ಗೆ "ಹ್ಞೂಂ", ಸಂಜೆ "ಹ್ಞೂಂ". ಅಂಥ ಸಂಸಾರ ನಡೆಸುವವರು ಇಲ್ಲೇ ಎಷ್ಟೋ ಜನ ಇದ್ದಾರೆ, ಅದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ.

ಇದರ ಜೊತೆ ಇನ್ನೊಂದು ತೊಡಕು. ಮೈನ್‌ಕ್ರಾಫ್ಟ್‌ನ ಒಂದು ದಿನ ಅಂದರೆ ನಮ್ಮ 20 ನಿಮಿಷ. ನಮ್ಮ ಒಂದು ದಿನದಲ್ಲಿ ಅಲ್ಲಿ 72 ಸಲ ಸೂರ್ಯ ಹುಟ್ಟುತ್ತಾನೆ.

"ತಿಂಗಳು ಅಂದ್ಯಲ್ಲ, ಯಾರ ತಿಂಗಳು?" ಅಂತ ಕೇಳಿದೆ. "ನಮ್ಮ ಮೂವತ್ತು ದಿನಕ್ಕೆ ಅಲ್ಲಿ 2,160 ದಿನ ಆಗುತ್ತೆ. ಹತ್ತಿರ ಹತ್ತಿರ ಆರು ವರ್ಷ. ಒಬ್ಬನೇ ಆರು ವರ್ಷ ಚೌಕ ಕಲ್ಲು ಕುಟ್ಟಿಕೊಂಡಿರಲಾ?"

ಅವಳು ಫೋನ್ ತೆಗೆದು ಲೆಕ್ಕ ಹಾಕಿ ನೋಡಿದಳು. ಲೆಕ್ಕ ಸರಿ ಇತ್ತು. ನಾನು ಸ್ವಲ್ಪ ಬೀಗಿದೆ.

ನಿಜ ಹೇಳಬೇಕೆಂದರೆ ನನ್ನ ಮನಸ್ಸು ಇದ್ದದ್ದು ಬ್ರೆತ್ ಆಫ್ ದ ವೈಲ್ಡ್‌ನಲ್ಲಿ. 2017ರ ಜೆಲ್ಡಾ. ಅಲ್ಲಿ ಕಾಣುವ ಬೆಟ್ಟವನ್ನೆಲ್ಲ ಹತ್ತಬಹುದು. ಆದರೆ ಮಳೆ ಬಂದರೆ ಬಂಡೆ ಜಾರುತ್ತದೆ. ಮೂರು ಹೆಜ್ಜೆ ಹತ್ತಿದರೆ ಎರಡು ಹೆಜ್ಜೆ ಕೆಳಗೆ. ಒಂದು ರಾತ್ರಿ ಅರ್ಧ ಬೆಟ್ಟ ಹತ್ತಿದ್ದೆ, ಮಳೆ ಹಿಡಿಯಿತು. ನಿಲ್ಲಲು ಅಂಗೈ ಅಗಲದ ಜಾಗ. ಸೌದೆ ಹಾಕಿ ಬೆಂಕಿ ಹಚ್ಚಿದರೆ ಅದರ ಪಕ್ಕ ಕೂತು ಬೆಳಗು ಮಾಡಿಬಿಡಬಹುದು. ಆದರೆ ಬಯಲಲ್ಲಿ, ಮಳೆಯಲ್ಲಿ ಬೆಂಕಿ ನಿಲ್ಲುವುದಿಲ್ಲ. ಸರಿ, ಕಂಟ್ರೋಲರ್ ತೊಡೆ ಮೇಲಿಟ್ಟು ಕಾದೆ. ಕೆಳಗೆ ಹುಲ್ಲು ಬಾಗುತ್ತಿತ್ತು. ದೂರದಲ್ಲಿ ಒಂದು ಮಿಂಚು. ಲಿಂಕ್ ತೊಯ್ದು ತೊಪ್ಪೆಯಾಗಿ ನಿಂತಿದ್ದ. ಅಕ್ಕ ಆ ಕಡೆಯಿಂದ ಹಾದುಹೋಗುತ್ತಾ "ಏನೋ ಮಾಡ್ತಿದ್ದೀಯ?" ಅಂತ ಕೇಳಿದಳು.

"ಮಳೆ ನಿಲ್ಲಲಿ ಅಂತ ಕೂತಿದ್ದೀನಿ ಕಣೆ."

ಅವಳು ಕಿಟಕಿಯ ಕಡೆ ನೋಡಿದಳು. ಹೊರಗೆ ಒಂದು ಹನಿಯೂ ಇರಲಿಲ್ಲ. ಏನೂ ಹೇಳದೆ ಹೋದಳು.

ಇಷ್ಟು ವರ್ಷದಲ್ಲಿ ಆಡಿದ ಆಟಗಳಲ್ಲಿ ನಾನು ಗೆದ್ದದ್ದು ಜಾಸ್ತಿ ನೆನಪಿಲ್ಲ. ಆ ಮಳೆ ನೆನಪಿದೆ. ಅಲ್ಲಿ ಹಟೆನೋ ಅಂತ ಹಳ್ಳಿ ಇದೆ. ಕೆಡವಲು ಹೊರಟ ಒಂದು ಮನೆಯನ್ನು 3,000 ರೂಪಿ ಮತ್ತು 30 ಕಟ್ಟು ಸೌದೆ ಕೊಟ್ಟು ಉಳಿಸಿಕೊಳ್ಳಬಹುದು. ರೂಪಿ ಅಂದರೆ ಅಲ್ಲಿನ ಹರಳು, ನಮ್ಮ ರೂಪಾಯಿಯಲ್ಲ. ಆದರೆ ಆ ಊರ ಹೊರಗೆ ಕಾಲಿಟ್ಟರೆ ರಾಕ್ಷಸರು. ಕೊಂದರೂ ಮುಗಿಯುವುದಿಲ್ಲ, ಕೆಂಪು ಚಂದ್ರ ಹುಟ್ಟಿದ ರಾತ್ರಿ ಸತ್ತವೆಲ್ಲ ಎದ್ದು ಬರುತ್ತವೆ. ಬೆಟ್ಟ ಹತ್ತುವುದು, ಮಳೆಗೆ ನಿಲ್ಲುವುದು ಎಲ್ಲ ಲಿಂಕ್‌ನ ಭಾಗ್ಯ. ಊರವನು ಬೇಲಿ ಒಳಗೇ ಇರಬೇಕು. ಬೆಟ್ಟ ನೋಡುತ್ತಾ ಹತ್ತಲಾಗದೆ ಒಂದು ತಿಂಗಳು ಇರುವುದು ನನ್ನಿಂದಾಗದು.

ಹಾಗಾದರೆ ಅನಿಮಲ್ ಕ್ರಾಸಿಂಗ್? 2020ರ ಮಾರ್ಚ್‌ನಲ್ಲಿ ಬಂದ ನ್ಯೂ ಹೊರೈಜನ್ಸ್. ಮಾತಾಡುವ ಪ್ರಾಣಿಗಳೇ ನೆರೆಹೊರೆಯಾಗಿರುವ ಒಂದು ದ್ವೀಪ. ಅಲ್ಲಿ ಗಡಿಯಾರದ ಜಗಳವೇ ಇಲ್ಲ. ನಮಗೆ ರಾತ್ರಿಯಾದರೆ ದ್ವೀಪಕ್ಕೂ ರಾತ್ರಿ. ಒಂದು ತಿಂಗಳು ಅಂದರೆ ಒಂದು ತಿಂಗಳೇ. ಟಾಮ್ ನುಕ್ ಅನ್ನುವ ಮಹಾನುಭಾವ ಮನೆಗೆ ಅಲ್ಲಿನ ದುಡ್ಡಿನಲ್ಲಿ 98,000 ಬೆಲ್ಸ್ ಸಾಲ ಕೊಡುತ್ತಾನೆ. ಬಡ್ಡಿ ಇಲ್ಲ, ಗಡುವಿಲ್ಲ, ಬಾಗಿಲಿಗೆ ಬಂದು ಕೇಳುವವರೂ ಇಲ್ಲ. ಜನ ಅವನನ್ನು ಸಾಲ ಕೊಟ್ಟು ಪೀಡಿಸುವವನು ಅಂತ ಯಾಕೆ ಆಡಿಕೊಳ್ಳುತ್ತಾರೋ ನನಗಂತೂ ಗೊತ್ತಾಗಿಲ್ಲ. ಅವರು ಬೇರೆ ಸಾಲ ಮಾಡಿಲ್ಲ ಅಂತ ಕಾಣುತ್ತದೆ.

ತೊಂದರೆ ಒಂದೇ. ನಾನು ಆ ದ್ವೀಪ ಬಿಟ್ಟು ಎಂಟು ತಿಂಗಳಾಯಿತು.

ಒಂದು ದಿನ ಹೋಗಲಿಲ್ಲ, ಕೆಲಸ ಇತ್ತು. ಎರಡು ದಿನ ಹೋಗಲಿಲ್ಲ. ವಾರವಾಯಿತು. ಆಮೇಲೆ ಹೋಗೋಕೆ ಮುಖವಿಲ್ಲದಾಯಿತು. ಮನೆಯೊಳಗೆ ಜಿರಳೆ ಓಡಾಡುತ್ತಿರುತ್ತವೆ, ಹೊರಗೆ ಕಳೆ ಬೆಳೆದಿರುತ್ತದೆ, ನನ್ನ ತಲೆಗೂದಲು ನಿದ್ದೆಯಿಂದ ಎದ್ದವನ ಹಾಗೆ ನಿಗುರಿಕೊಂಡಿರುತ್ತದೆ. ಅದೆಲ್ಲ ಸಹಿಸಬಹುದು. ಪಕ್ಕದ ಮನೆಯ ಆ ಕುರಿಯೋ ಬೆಕ್ಕೋ ಬಂದು, ನಿನ್ನ ನೋಡಿ ಎಂಟು ತಿಂಗಳಾಯಿತಲ್ಲ ಅಂತ ಸರಿಯಾಗಿ ಲೆಕ್ಕ ಹೇಳುತ್ತದೆ. ಬೈಯುವುದಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಫೋನ್ ಮಾಡದೆ ಬಿಟ್ಟ ಹಳೆಯ ಗೆಳೆಯರ ಪಟ್ಟಿಯೇ ಸಾಕಷ್ಟು ಉದ್ದವಿದೆ. ಅದಕ್ಕೆ ಒಂದು ಕುರಿಯನ್ನೂ ಸೇರಿಸಿಕೊಂಡ ಹಾಗಾಯಿತು.

ಸುತ್ತಿ ಬಳಸಿ ಕೊನೆಗೆ ಬಂದು ನಿಂತದ್ದು ಸ್ಟಾರ್ಡ್ಯೂ ವ್ಯಾಲಿಯ ಪೆಲಿಕನ್ ಟೌನ್‌ನಲ್ಲಿ. 2016ರಲ್ಲಿ ಬಂದ ಈ ಬೇಸಾಯದ ಆಟವನ್ನು ಎರಿಕ್ ಬರೋನ್ ಅನ್ನುವವರು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಮಾಡಿದರು. ಚಿತ್ರ, ಸಂಗೀತ, ಮಾತು, ಕೋಡು ಎಲ್ಲ ಒಬ್ಬರದೇ. ಒಬ್ಬರೇ ಗುಡಿಸಿ ಸಾರಿಸಿದ ಮನೆ ಹೇಗಿರುತ್ತದೋ ಹಾಗಿದೆ ಆ ಊರು. ಎಲ್ಲಿ ಏನಿಟ್ಟಿದೆ ಅಂತ ಅವರಿಗೆ ಗೊತ್ತು.

ಅಲ್ಲಿ ತಿಂಗಳಿನ ಪ್ರಶ್ನೆ ತಾನಾಗೇ ಬಗೆಹರಿಯುತ್ತದೆ. ಒಂದೊಂದು ಋತುವಿಗೂ 28 ದಿನ. 29 ಅನ್ನುವ ತಾರೀಖೇ ಇಲ್ಲ. ಇದನ್ನು ನಾನು ಕಲಿತದ್ದು ವಸಂತದ 18ಕ್ಕೆ, ಕೈಲಿದ್ದ ಹಣವನ್ನೆಲ್ಲ ಹೂಕೋಸಿನ ಬೀಜಕ್ಕೆ ಸುರಿದಾಗ. ಹೂಕೋಸು ಬೆಳೆಯಲು 12 ದಿನ ಬೇಕು. ದಿನಾ ಬೆಳಗ್ಗೆ ನೀರು ಹಾಕಿದೆ. 28ರ ರಾತ್ರಿ ಮಲಗಿ ಎದ್ದರೆ ಬೇಸಿಗೆ, ಹೊಲದ ತುಂಬ ಒಣಗಿದ ಕಡ್ಡಿ. ಕೂಡಿಸೋಕೆ ಬರದವನಿಗೆ ಕೃಷಿ ಯಾಕೆ ಅಂತ ಆ ದಿನ ಅನಿಸಿತ್ತು.

ಆದರೆ ಈ ಸಲ ನಾನು ರೈತನಲ್ಲವಲ್ಲ. ಅಲ್ಲಿ ನಾಯಕನೇ ರೈತ. ಅವನಿಂದ ಆಗುವ ಕಾಟ ಏನು? ಕಸದ ಡಬ್ಬಿ ಕೆದಕುತ್ತಾನೆ. ವಾರಕ್ಕೆ ಎರಡು ಸಲ ಎದುರಿಗೆ ಬಂದು ಕೈಗೆ ಏನಾದರೂ ತುರುಕುತ್ತಾನೆ. ಅಷ್ಟೇ. ಇಂಥ ನಾಯಕ ಇನ್ನೆಲ್ಲಿ ಸಿಗುತ್ತಾನೆ?

"ಏನು ತುರುಕ್ತಾನೆ ಅನ್ನೋದು ಮುಖ್ಯ" ಅಂದಳು ಇವಳು. "ಲೂಯಿಸ್ ಕಥೆ ಮರೆತ್ಯಾ?"

ಮರೆತಿರಲಿಲ್ಲ. ಲೂಯಿಸ್ ಆ ಊರಿನ ಮೇಯರ್. ನಾನು ಬರಿಗೈಲಿ ಬಂದಿಳಿದಾಗ ಪಾರ್ಸ್ನಿಪ್ ಅನ್ನುವ ಗೆಡ್ಡೆ ತರಕಾರಿಯ 15 ಬೀಜ ಕೊಟ್ಟವರು. ವಸಂತದ 7 ಅವರ ಹುಟ್ಟುಹಬ್ಬ. ಗಾಳಕ್ಕೆ ಮೀನಿನ ಬದಲು ಸಿಕ್ಕ ಒಡೆದ ಕನ್ನಡಕವೊಂದು ನನ್ನ ಹತ್ತಿರ ಇತ್ತು. ವಯಸ್ಸಾದವರು, ಕನ್ನಡಕ ಅಲ್ವಾ ಅಂತ ಕೊಟ್ಟೆ. ಹುಟ್ಟುಹಬ್ಬದ ಉಡುಗೊರೆಗೆ ಸ್ನೇಹದ ಖಾತೆಯಲ್ಲಿ ಎಂಟು ಪಟ್ಟು ಲೆಕ್ಕ ಅಂತ ಕೇಳಿದ್ದೆ. ಕೆಟ್ಟ ಉಡುಗೊರೆಗೂ ಎಂಟು ಪಟ್ಟು ಅಂತ ಯಾರೂ ಹೇಳಿರಲಿಲ್ಲ.

"ನನ್ನಂಥವನು ರೈತನಾಗಿ ಬಂದರೆ ಸಹಿಸಿಕೊಳ್ತೀನಿ" ಅಂದೆ. ಸಂಜೆ ಹೊತ್ತು ಸ್ಟಾರ್‌ಡ್ರಾಪ್ ಸಲೂನಿಗೆ ಹೋಗಿ ಕೂರುವುದು. ಹೆಸರು ಸಲೂನ್, ಕೂದಲು ಕತ್ತರಿಸುವುದಿಲ್ಲ, ಊರವರು ಕುಡಿದು ಹರಟುವ ಜಾಗ. ಬುಧವಾರ ಪಿಯೆರ್ ಅಂಗಡಿ ರಜೆ, ಅವತ್ತು ಯಾರಾದರೂ ಹೊಸಬ ಬೀಜಕ್ಕೆ ಅಂತ ಓಡಿಬಂದು ಮುಚ್ಚಿದ ಬಾಗಿಲ ಮುಂದೆ ನಿಲ್ಲುವುದನ್ನು ದೂರದಿಂದ ನೋಡುವುದು. ಒಂದು ತಿಂಗಳಿಗೆ ಇನ್ನೇನು ಬೇಕು?

"ಸುಳ್ಳು" ಅಂದಳು. "ಆ ಸಲೂನಿನ ಪಕ್ಕದ ಕೋಣೆಯಲ್ಲಿ ಗೇಮ್ ಮೆಷಿನ್ ಇದೆ. ಇಪ್ಪತ್ತೆಂಟು ದಿನವೂ ನೀನು ಅದರ ಮುಂದೇನೇ ನಿಂತಿರ್ತೀಯ."

ನಾನು ಮಾತಾಡಲಿಲ್ಲ. ಆ ಮೆಷಿನ್ನಿನಲ್ಲಿ ಒಂದು ಕೌಬಾಯ್ ಆಟ ಇದೆ. ನಾಲ್ಕೂ ದಿಕ್ಕಿನಿಂದ ನುಗ್ಗಿ ಬರುತ್ತಾರೆ. ಮರುಭೂಮಿ ಹೇಗೋ ದಾಟುತ್ತೇನೆ, ಕಾಡಿನ ಹಂತಕ್ಕೆ ಬಂದಾಗಲೆಲ್ಲ ಸಾಯುತ್ತೇನೆ.

ಅವಳು ಎದ್ದು ಚಾರ್ಜರಿನಿಂದ ಕಂಟ್ರೋಲರ್ ಕಿತ್ತು ತಂದಳು. "ತಗೋ. ಕಾಡಿನ ಹತ್ರ ಬಂದಾಗ ನನಗೆ ಕೊಡು."